ವಿಂಡೋಸ್ ಕೆಲಸ ಲಿನಕ್ಸಿನಲ್ಲಿ ಕೈಕೊಟ್ಟರೆ: ಉಡುಪಿ, ಮಂಗಳೂರಿನ ಡಿಟಿಪಿ ಅಂಗಡಿಗಳಿಗೊಂದು ದೋಷ ನಿವಾರಣೆ ಕೈಪಿಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಉಡುಪಿಯ ಕಲ್ಸಂಕದಿಂದ ರಥಬೀದಿಯವರೆಗೆ, ಆಚೆ ಮಂಗಳೂರಿನ ಹಂಪನಕಟ್ಟೆಯ ಓಣಿಗಳಲ್ಲಿ, ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಸೊಸೈಟಿ ಕಚೇರಿಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳು ಬೇಕಾದಷ್ಟು ಉಂಟು. ಯಂತ್ರಕ್ಕೆ ಏನೂ ಆಗಿಲ್ಲ, ಎಸೆಯಲು ಮನಸ್ಸಿಲ್ಲ. ಹಾಗಾಗಿ ವಿಂಡೋಸಿಗೆ ಬದಲಾಗಿ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಸಿಕೊಳ್ಳುತ್ತಾರೆ.

ಬ್ರೌಸರು, ಮೇಲು, ಯೂಟ್ಯೂಬು ಎಲ್ಲ ಸರಿಯಾಗಿಯೇ ಓಡುತ್ತದೆ. ಬ್ರಹ್ಮಕಲಶೋತ್ಸವದ ಆಮಂತ್ರಣವನ್ನೋ ಯಕ್ಷಗಾನದ ಕರಪತ್ರವನ್ನೋ ಯಾರಾದರೂ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ದಿನ ಫೋನು ಬರುತ್ತದೆ: "ಎಂತ ಮಾರಾಯ್ರೆ ಇದು, ಅಕ್ಷರ ಎಲ್ಲ ಚಿತ್ರಾನ್ನ ಆಗಿದೆ. ವೈನ್ ಹಾಕಿದರೆ ಸರಿಯಾಗ್ತದಾ?"

ಸಾಮಾನ್ಯವಾಗಿ ಆಗುವುದಿಲ್ಲ. ವೈನ್ ಎಂದರೆ ವಿಂಡೋಸಿನ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ಮಧ್ಯವರ್ತಿ. 1993ರಲ್ಲಿ ಶುರುವಾಗಿ, 2008ರಲ್ಲಿ 1.0 ಆವೃತ್ತಿಗೆ ಬಂದು, ಇವತ್ತಿಗೂ ಬೆಳೆಯುತ್ತಿರುವ ಒಳ್ಳೆಯ ಸಾಧನ. ಆದರೆ ನಮ್ಮೂರಿನ ಅಂಗಡಿಗಳಲ್ಲಿ ಕೆಡುವುದು ಹೆಚ್ಚಾಗಿ ಪ್ರೋಗ್ರಾಮು ಅಲ್ಲವೇ ಅಲ್ಲ. ಕಡತದ ಸಂಕೇತ, ಫಾಂಟು, ಡಿಸ್ಕಿನ ಸ್ಥಿತಿ, ಪ್ರಿಂಟರಿನ ಚಾಲಕ, ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ವೈನ್ ಹಾಕಿ, ಅದರ ಮೇಲೆ ಕನ್ನಡ ಟೈಪಿನ ನುಡಿ ತಂತ್ರಾಂಶ ಹಾಕಿ, ಅದರ ಮೇಲೆ ಇನ್ನೊಂದು ಹಾಕಿದ ಮೇಲೆ ಮೂಲ ದೋಷ ಎಲ್ಲಿತ್ತೆಂದು ಹುಡುಕುವುದು ಮೂರು ಪಟ್ಟು ಕಷ್ಟ. ಹಾಗಾಗಿ ಈ ಕೈಪಿಡಿಯಲ್ಲಿ ವೈನ್ ಬರುವುದು ತಡವಾಗಿ.

ಮೊದಲು ಪರದೆಯನ್ನು ಸರಿಯಾಗಿ ನೋಡಿ

"ಅಕ್ಷರ ಹಾಳಾಗಿದೆ" ಎಂಬ ಒಂದೇ ದೂರಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಹಾಳಾದ ಅಕ್ಷರ ಹೇಗೆ ಕಾಣುತ್ತದೆ ಎಂಬುದರಲ್ಲೇ ಉತ್ತರ ಉಂಟು.

ಟೊಪ್ಪಿ, ಗೀಟು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಕಡತ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಮಾಹಿತಿ ಪೂರ್ತಿ ಭದ್ರವಾಗಿದೆ, ಫಾಂಟ್ ಮಾತ್ರ ಇಲ್ಲ. ಚಚ್ಚೌಕದ ಡಬ್ಬಿಗಳು, ಕೆಲವೊಮ್ಮೆ ಅದರೊಳಗೆ 0ಸಿ95ರ ಹಾಗೆ ಸಣ್ಣ ಅಂಕಿ-ಅಕ್ಷರಗಳು ಕಂಡರೆ ಅದು ಯುನಿಕೋಡ್ ಕಡತ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ನಂಬರು ಇರುವ ಸಂಕೇತ), ಕನ್ನಡದ ಫಾಂಟ್ ಸಿಗುತ್ತಿಲ್ಲ. 0ಸಿ95 ಎಂದರೆ ‘ಕ’; ಯುನಿಕೋಡಿನಲ್ಲಿ ಕನ್ನಡದ ಅಕ್ಷರಗಳೆಲ್ಲ 0ಸಿ80ರಿಂದ ಶುರುವಾಗುವ 128 ಮನೆಗಳೊಳಗೆ ಇವೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ನೋಟೋ, ಲೋಹಿತ್ ಕನ್ನಡ, ಗುಬ್ಬಿ, ನವಿಲು, ಇವುಗಳಲ್ಲಿ ಯಾವುದನ್ನಾದರೂ ಹಾಕಿ, ಪ್ರೋಗ್ರಾಮು ಮುಚ್ಚಿ ತೆರೆಯಿರಿ, ಮುಗಿಯಿತು.

ಕನ್ನಡ ಅಕ್ಷರಗಳೇ ಇವೆ, ಆದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ಕೂತಿದೆ, ಚುಕ್ಕಿ ವೃತ್ತದ ಮೇಲೆ ಕೊಂಬು ತೇಲುತ್ತಿದೆ ಎಂದಾದರೆ ಫಾಂಟ್ ಬದಲಿಸಿ ಪ್ರಯೋಜನ ಕಡಿಮೆ. ಆ ಪ್ರೋಗ್ರಾಮಿಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಪುಟವಿನ್ಯಾಸದ ಪ್ರೋಗ್ರಾಮು ಸ್ಕ್ರೈಬಸ್‌ನ ಹಳೆಯ ಆವೃತ್ತಿ ಹೀಗೆ ಮಾಡುತ್ತಿತ್ತು, 1.5ರ ಸಾಲಿನಲ್ಲಿ ಅದು ಸರಿಯಾಗಿ, 2024ರಲ್ಲಿ ಬಂದ 1.6 ಸ್ಥಿರ ಆವೃತ್ತಿಯಲ್ಲಿ ಕನ್ನಡ ಚೆನ್ನಾಗಿಯೇ ಜೋಡಣೆಯಾಗುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದ್ದರೆ ಕಡತ ತಂದವರಿಗೆ ನೇರವಾಗಿ ಹೇಳಿಬಿಡಿ. ಯಾರೋ ಯುನಿಕೋಡ್ ಪಠ್ಯವನ್ನು ಕನ್ನಡಕ್ಕೆ ಜಾಗವೇ ಇಲ್ಲದ ಆನ್ಸಿ ಪಠ್ಯವಾಗಿ ಉಳಿಸಿದ್ದಾರೆ, ಅಕ್ಷರ ಹೋಗಿ ಆಗಿದೆ. ಯಾವ ಫಾಂಟೂ, ಯಾವ ವೈನೂ ಅದನ್ನು ವಾಪಸ್ ತರುವುದಿಲ್ಲ. ಮೂಲ ಕಡತ ತರಿಸಿಕೊಳ್ಳಿ.

ನುಡಿ, ಬರಹದ ಕಡತಗಳು

ನಮ್ಮ ಕಡೆಯ ತೊಂದರೆಗಳ ತಾಯಿಬೇರು ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

‘ಕನ್ನಡ’ ಎಂಬ ಪದವನ್ನು ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏಳು ಚಿಹ್ನೆಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಬಿ ಅಕ್ಷರದಂತೆ ಕಾಣುವ ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇದನ್ನು ಬಿಡಿಸಿದರೆ ಕತೆ ಗೊತ್ತಾಗುತ್ತದೆ. ಪಿ ಎಂದರೆ ತಲಕಟ್ಟಿಲ್ಲದ ‘ಕ’ದ ಮೈ, ಗೀಟಿನ ಎ ಎಂದರೆ ತಲಕಟ್ಟು, ಪೌಂಡ್ ‘ನ’ದ ಮೈ, ಜರ್ಮನ್ ಅಕ್ಷರ ‘ನ’ ಒತ್ತು, ಕ್ಯೂ ‘ಡ’. ಅಂದರೆ ಕಡತದೊಳಗೆ ಇರುವುದು ಕನ್ನಡವೇ ಅಲ್ಲ, ಕನ್ನಡದ ಚಿತ್ರದ ತುಂಡುಗಳಿಗೆ ಕೊಟ್ಟ ಇಂಗ್ಲಿಷ್ ನಂಬರುಗಳು. ವಿಂಡೋಸಿನಲ್ಲಿ ಅದು ಕನ್ನಡವಾಗಿ ಕಾಣುತ್ತಿದ್ದುದಕ್ಕೆ ವಿಂಡೋಸ್ ಕಾರಣ ಅಲ್ಲ. ಅಲ್ಲಿ ಆ ಫಾಂಟ್ ಇತ್ತು, ಅಷ್ಟೇ.

ಪರೀಕ್ಷೆ ಸುಲಭ. ಲಿನಕ್ಸಿನಲ್ಲಿ ಎಂಎಸ್ ಆಫೀಸಿನ ಬದಲಿಗೆ ಬಳಸುವ ಲಿಬ್ರೆಆಫೀಸಿನಲ್ಲಿ ಕಡತ ತೆರೆದು, ಹಾಳಾದ ಸಾಲಿನ ಮೇಲೆ ಕರ್ಸರ್ ಇಟ್ಟು, ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಅಲ್ಲಿ ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ ಎಂದೋ ಓರೆ ಅಕ್ಷರದಲ್ಲಿ ಬರೆದಿದ್ದರೆ ಆ ಫಾಂಟ್ ನಿಮ್ಮಲ್ಲಿ ಇಲ್ಲ ಎಂದರ್ಥ. ಹಳೆಯ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಟಿಟಿಎಫ್ ಕಡತವನ್ನು ತಂದು ಡಬಲ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ, ಲಿಬ್ರೆಆಫೀಸನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಕಣ್ಣೆದುರೇ ಕನ್ನಡ ಬರುತ್ತದೆ. ನುಡಿ ತಂತ್ರಾಂಶ ಬೇಡ, ವೈನ್ ಬೇಡ. ಫಾಂಟಿಗೆ ವಿಂಡೋಸ್ ಆದರೇನು, ಲಿನಕ್ಸ್ ಆದರೇನು.

ಫಾಂಟ್ ಹಾಕಿದರೂ ಕನ್ನಡ ಬಾರದೆ ಬೇರೇನೋ ವಿಚಿತ್ರ ಅಕ್ಷರ ಬಂದರೆ, ಕಡತ ಶ್ರೀಲಿಪಿ, ಆಕೃತಿ ಎಂಬ ಬೇರೆ ಕನ್ನಡ ತಂತ್ರಾಂಶಗಳದ್ದು ಆಗಿರಬಹುದು. ನುಡಿ ಮತ್ತು ಬರಹದ ಆಸ್ಕಿ ಸಂಕೇತಗಳು ಒಂದಕ್ಕೊಂದು ಹೊಂದುತ್ತವೆ. ಶ್ರೀಲಿಪಿ, ಆಕೃತಿಗಳ ಲೋಕ ಬೇರೆ. ಕಳುಹಿಸಿದವರನ್ನು ಯಾವ ಫಾಂಟ್ ಎಂದು ಕೇಳುವುದೇ ವಾಸಿ.

ಸರಿಯಾಗಿ ತೆರೆದುಕೊಂಡ ಆಸ್ಕಿ ಕಡತ ತಿದ್ದುವಾಗ ಹಾಳಾಗುವುದೂ ಉಂಟು. ಲಿಬ್ರೆಆಫೀಸಿನ ಆಟೋಕರೆಕ್ಟ್ ಇದನ್ನು ಇಂಗ್ಲಿಷ್ ಎಂದೇ ತಿಳಿಯುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ, ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಅದರ ಪ್ರಕಾರ ಅದು ಉಪಕಾರ. ನಮ್ಮ ಪ್ರಕಾರ ಒಂದಕ್ಷರ ಹೋಗಿ ಇನ್ನೊಂದಕ್ಷರ ಬಂತು. ಆಸ್ಕಿ ಕಡತ ಮುಟ್ಟುವ ಮೊದಲು ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್‌ನ ಈ ಎರಡೂ ಆಯ್ಕೆ ತೆಗೆದುಬಿಡಿ. ಮನೆದೇವರ ಹೆಸರು ಆಮಂತ್ರಣದಲ್ಲಿ ತಪ್ಪಾಗಿ ಅಚ್ಚಾದರೆ ಬೈಗುಳ ತಿನ್ನುವವರು ನೀವು.

ಫಾಂಟ್ ಹಾಕಿ ಓದುವುದು ತಾತ್ಕಾಲಿಕ ದಾರಿ. ಅದೇ ಪಠ್ಯ ವಾಟ್ಸಾಪಿಗೆ ಹೋಗಬೇಕು, ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬೇಕು ಎಂದರೆ ಯುನಿಕೋಡಿಗೆ ಪರಿವರ್ತಿಸಲೇಬೇಕು. ಆಸ್ಕಿ ಪಟ್ಟಿಯನ್ನು ಸಾರ್ಟ್ ಮಾಡಿದರೆ ಇಂಗ್ಲಿಷ್ ನಂಬರಿನ ಕ್ರಮದಲ್ಲಿ ಬರುತ್ತದೆ, ಅದಕ್ಕೆ ತಲೆಬುಡ ಇರುವುದಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಪರಿವರ್ತನೆಯ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡಬೇಡಿ. ಎರಡು ಕಡೆ ಎಡವುತ್ತವೆ.

ಮೊದಲನೆಯದು, ಕಡತದೊಳಗೆ ನಿಜವಾದ ಇಂಗ್ಲಿಷ್ ಇದ್ದರೆ. ಮೇಲ್ ವಿಳಾಸ, ವಾಹನದ ನಂಬರು, ಪ್ಯಾನ್ ನಂಬರು ಎಲ್ಲವನ್ನೂ ಪರಿವರ್ತಕ ಕನ್ನಡದ ತುಂಡು ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಆದ್ದರಿಂದ ಇಡೀ ಪುಟವನ್ನು ಒಟ್ಟಿಗೆ ಸುರಿಯದೆ, ನುಡಿ ಫಾಂಟಿನಲ್ಲಿರುವ ಭಾಗ ಮಾತ್ರ ಆಯ್ದು ಕೊಡಿ. ಎರಡನೆಯದು ಅರ್ಕಾವತ್ತು. ಆಸ್ಕಿಯಲ್ಲಿ ‘ಕಾರ್ಕಳ’ ಬರೆಯುವಾಗ ಅರ್ಕಾವತ್ತಿನ ಚಿಹ್ನೆ ಎರಡನೇ ‘ಕ’ದ ನಂತರ ಕೂರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯುನಿಕೋಡಿನಲ್ಲಿ ‘ರ’ ಅದಕ್ಕಿಂತ ಮೊದಲು ಬರಬೇಕು. ಈ ಅದಲುಬದಲು ಸರಿಯಾಗಿ ಮಾಡದ ಪರಿವರ್ತಕ ಅಲ್ಲಿ ಮುಗ್ಗರಿಸುತ್ತದೆ. ನಾನು ಯಾವುದೇ ಪರಿವರ್ತಕಕ್ಕೆ ಮೊದಲು ಕೊಡುವುದು ನಾಲ್ಕು ಊರುಗಳನ್ನು: ಕಾರ್ಕಳ, ಪೆರ್ಡೂರು, ಹೆಬ್ರಿ, ಬ್ರಹ್ಮಾವರ. ಮೊದಲೆರಡರಲ್ಲಿ ಅರ್ಕಾವತ್ತು, ಮೂರನೆಯದರಲ್ಲಿ ರವೊತ್ತು, ನಾಲ್ಕನೆಯದರಲ್ಲಿ ಎರಡು ಒತ್ತು ಸಾಲಾಗಿ. ಈ ನಾಲ್ಕೂ ಸರಿಯಾಗಿ ಹೊರಬಂದರೆ ಉಳಿದದ್ದಕ್ಕೆ ಧೈರ್ಯ ಮಾಡಬಹುದು.

ಟೈಪು ಮಾಡಲು ಆಗುತ್ತಿಲ್ಲ

ವೈನಿನೊಳಗೆ ನುಡಿ ಹಾಕಿ, ಹೊರಗೆ ಲಿಬ್ರೆಆಫೀಸಿನಲ್ಲಿ ಟೈಪು ಮಾಡಿದರೆ ಇಂಗ್ಲಿಷೇ ಬರುತ್ತದೆ. ದೋಷ ಅಲ್ಲ ಇದು. ವೈನಿನ ಒಳಗಿನ ಪ್ರೋಗ್ರಾಮಿಗೆ ವೈನಿನ ಒಳಗಿನ ಕಿಟಕಿಗಳ ಕೀಲಿ ಮಾತ್ರ ಸಿಗುತ್ತದೆ.

ನುಡಿಯಲ್ಲಿ ಬೆರಳು ಪಳಗಿದವರಿಗೆ ಬೇಕಾದದ್ದು ನುಡಿ ತಂತ್ರಾಂಶ ಅಲ್ಲ, ಆ ಕೀಲಿಮಣೆಯ ವಿನ್ಯಾಸ. ಅದು ಲಿನಕ್ಸಿನಲ್ಲಿ ಮೊದಲೇ ಇದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸ ಹುಡುಕಿ ಸೇರಿಸಿ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಬಳಸುವವರು ಎಂ17ಎನ್ ಪ್ಯಾಕೇಜ್ ಹಾಕಿ ಅಲ್ಲಿರುವ ಕೆಜಿಪಿ ಆರಿಸಬಹುದು. ಒತ್ತಿಗೆ ಎಫ್ ಕೀಲಿ, ಎಲ್ಲ ನುಡಿಯ ಹಾಗೆಯೇ. ಈ ವಿನ್ಯಾಸದ ಮೂಲ ಇಲ್ಲಿಯದೇ: ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ್ದು. ನಮ್ಮೂರಿನವರೇ ಮಾಡಿದ ಕೀಲಿಮಣೆಗೋಸ್ಕರ ಮಧ್ಯವರ್ತಿ ಇಟ್ಟುಕೊಳ್ಳುವುದು ಎಂತಕ್ಕೆ?

ವಿನ್ಯಾಸ ಸೇರಿಸಿದರೂ ಬದಲಾಗುತ್ತಿಲ್ಲವೆಂದರೆ ಲಾಗ್‌ಔಟ್ ಆಗಿ ಬನ್ನಿ. ಐಬಸ್ ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಒಂದು ಪುಟದ ಸುತ್ತೋಲೆ ಒಂದೂವರೆ ಪುಟ ಆಗಿದೆ

ವರ್ಡ್‌ನಲ್ಲಿ ಮಾಡಿದ ಯುನಿಕೋಡ್ ಕಡತ ತೆರೆದುಕೊಂಡಿದೆ, ಅಕ್ಷರವೂ ಸರಿ ಇದೆ, ಆದರೆ ಸಹಿಯ ಜಾಗ ಮುಂದಿನ ಪುಟಕ್ಕೆ ಜಾರಿದೆ. ಕಾರಣ ಫಾಂಟಿನ ಎತ್ತರ. ವಿಂಡೋಸಿನಲ್ಲಿ ಕನ್ನಡಕ್ಕೆ ಹಿಂದೆ ತುಂಗಾ, ಈಗ ನಿರ್ಮಲಾ ಯುಐ. ಇವು ಲಿನಕ್ಸಿನ ಜೊತೆ ಬರುವುದಿಲ್ಲ, ಬದಲಿಗೆ ಕೂರುವ ನೋಟೋದ ಸಾಲುಗಳ ಎತ್ತರ ಬೇರೆ. ಇಂಗ್ಲಿಷಿಗೆ ಈ ತಾಪತ್ರಯ ಕಡಿಮೆ, ಏಕೆಂದರೆ ಕ್ಯಾಲಿಬ್ರಿಗೆ ಅದೇ ಅಳತೆಯ ಕಾರ್ಲಿಟೊ, ಕೇಂಬ್ರಿಯಾಗೆ ಕ್ಯಾಲಡಿಯಾ, ಟೈಮ್ಸ್ ಮತ್ತು ಏರಿಯಲ್‌ಗೆ ಲಿಬರೇಷನ್ ಫಾಂಟುಗಳು ಇವೆ. ಕನ್ನಡಕ್ಕೆ ಅಳತೆ ಹೊಂದುವಂಥ ಜೋಡಿ ನನ್ನ ಕೈಗೆ ಸಿಕ್ಕಿಲ್ಲ.

ಲಿಬ್ರೆಆಫೀಸಿನ ಆಪ್ಷನ್ಸ್‌ನಲ್ಲಿ ಫಾಂಟ್ಸ್ ಎಂಬ ಕಡೆ ಬದಲಿ ಪಟ್ಟಿ ಉಂಟು. ಅಲ್ಲಿ ನಿರ್ಮಲಾ ಯುಐ ಬಂದಾಗ ಯಾವ ಫಾಂಟ್ ಹಾಕಬೇಕೆಂದು ನೀವೇ ಬರೆದಿಡಿ, ಸಾಲಿನ ಅಂತರವನ್ನು ನಿಗದಿತ ಅಳತೆಗೆ ಕಟ್ಟಿಹಾಕಿ. ಗಾತ್ರ ಬದಲಿಸಿದರೂ ಕನ್ನಡ ಜಗ್ಗುತ್ತಿಲ್ಲವೆಂದರೆ ಕ್ಯಾರೆಕ್ಟರ್ ಮೆನುವಿನಲ್ಲಿ ಸಿಟಿಎಲ್ ಫಾಂಟ್ ಎಂಬ ಪ್ರತ್ಯೇಕ ಜಾಗ ನೋಡಿ. ಯುನಿಕೋಡ್ ಕನ್ನಡದ ಫಾಂಟೂ ಗಾತ್ರವೂ ಇಂಗ್ಲಿಷಿನದಕ್ಕಿಂತ ಬೇರೆಯಾಗಿ ಅಲ್ಲಿ ಇರುತ್ತವೆ. ಆಸ್ಕಿ ಕನ್ನಡಕ್ಕೆ ಮಾತ್ರ ಇಂಗ್ಲಿಷಿನ ಜಾಗವೇ ಅನ್ವಯ. ತಿದ್ದುಪಡಿ ಬೇಡ, ಅಚ್ಚು ಮಾತ್ರ ಬೇಕು ಎಂದಾದರೆ ಗಿರಾಕಿಯ ಹತ್ತಿರ ಪಿಡಿಎಫ್ ಕೇಳಿ, ಇಷ್ಟೆಲ್ಲ ಬೇಡವೇ ಬೇಡ.

ಪಿಡಿಎಫ್ ತೆರೆದರೆ "ದಯವಿಟ್ಟು ಕಾಯಿರಿ" ಎಂಬರ್ಥದ ಇಂಗ್ಲಿಷ್ ಸಾಲು ಮಾತ್ರ ಕಂಡು ಮುಂದೆ ಹೋಗದಿದ್ದರೆ ಅದು ಎಕ್ಸ್‌ಎಫ್‌ಎ ಮಾದರಿಯ ಹಳೆಯ ಅರ್ಜಿ ನಮೂನೆ. ಮಾಮೂಲಿ ಪಿಡಿಎಫ್ ಓದುಗಗಳಿಗೆ ಅದು ಅರ್ಥವಾಗುವುದಿಲ್ಲ, ಲಿನಕ್ಸಿಗೆ ಅಡೋಬ್ ರೀಡರ್ 2013ರ ಹೊತ್ತಿಗೇ ನಿಂತುಹೋಯಿತು. ಅದೇ ಕಡತವನ್ನು ಫೈರ್‌ಫಾಕ್ಸಿನಲ್ಲಿ ತೆರೆದು ನೋಡಿ. 2021ರ 93ನೇ ಆವೃತ್ತಿಯಿಂದ ಅದು ಇಂಥ ನಮೂನೆಗಳನ್ನು ತೋರಿಸುತ್ತದೆ.

ಪೇಜ್‌ಮೇಕರ್, ಕೋರೆಲ್

ಕರಾವಳಿಯ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ 7ರ ಕಡತಗಳು ಇನ್ನೂ ಓಡಾಡುತ್ತಿರುತ್ತವೆ. 2001ರ ಪ್ರೋಗ್ರಾಮು, ಯುನಿಕೋಡ್ ಕನ್ನಡ ಅದಕ್ಕೆ ಗೊತ್ತೇ ಇಲ್ಲ. ಬೇಕಾಗಿರುವುದು ಒಳಗಿನ ಪಠ್ಯ ಮತ್ತು ಚಿತ್ರ ಮಾತ್ರವಾದರೆ ಲಿಬ್ರೆಆಫೀಸ್ ಡ್ರಾನಲ್ಲಿ ತೆರೆದು ನೋಡಿ. 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಕಡತ ಓದುವ ವ್ಯವಸ್ಥೆ ಅದರಲ್ಲಿ ಇದೆ, ಕೋರೆಲ್‌ಡ್ರಾ ಕಡತಕ್ಕೆ ಅದಕ್ಕಿಂತ ಮೊದಲಿನಿಂದಲೇ ಇದೆ. ಪುಟವಿನ್ಯಾಸ ಇದ್ದ ಹಾಗೇ ಬರುತ್ತದೆಂಬ ಆಸೆ ಬೇಡ. ನುಡಿ ಫಾಂಟ್ ಮೊದಲೇ ಹಾಕಿಟ್ಟಿರಬೇಕು ಎಂಬುದನ್ನು ಮರೆಯಬೇಡಿ.

ಈಗ ವೈನ್

ಮೇಲಿನದೆಲ್ಲ ನೋಡಿಯೂ ಆ ಪ್ರೋಗ್ರಾಮೇ ಬೇಕು ಎಂದಾದರೆ ವೈನ್ ಹಾಕಿ. ಕ್ಲಿಕ್ ಮಾಡಿದರೆ ಏನೂ ಆಗದೆ ಸುಮ್ಮನಾಗುವುದು ಸಾಮಾನ್ಯ ದೂರು. ಐಕಾನ್ ಮೇಲೆ ಹತ್ತು ಸಲ ಕ್ಲಿಕ್ ಮಾಡಿದರೆ ಹತ್ತು ಸಲವೂ ಏನೂ ಆಗುವುದಿಲ್ಲ. ಟರ್ಮಿನಲ್ ತೆರೆದು ಅಲ್ಲಿಂದ ಓಡಿಸಿ, ಆಗ ಒಳಗಿನ ಗಲಾಟೆ ಕಾಣುತ್ತದೆ.

ಸಾಲುಗಟ್ಟಲೆ ಸಂದೇಶ ಬರುತ್ತದೆ, ಹೆದರಬೇಡಿ. ‘ಫಿಕ್ಸ್‌ಮಿ’ ಎಂದು ಶುರುವಾಗುವ ಸಾಲುಗಳು ವೈನ್ ತಯಾರಕರು ತಮಗೆ ತಾವೇ ಬರೆದಿಟ್ಟ ಚೀಟಿಗಳು, ಬಹುತೇಕ ನಿರುಪದ್ರವಿ. ‘ಎರರ್’ ಎಂಬುದರ ಮೊದಲ ಮೂರಕ್ಷರದಿಂದ ಶುರುವಾಗುವ ಸಾಲುಗಳನ್ನು ಮಾತ್ರ ನೋಡಿ, ಅದರಲ್ಲೂ ಮೊದಲನೆಯದನ್ನು. ಕೊನೆಯ ಸಾಲು ಬಿದ್ದ ಜಾಗ ಹೇಳುತ್ತದೆ, ಮೊದಲನೆಯದು ಎಡವಿದ ಕಲ್ಲನ್ನು ತೋರಿಸುತ್ತದೆ.

ಅಲ್ಲಿ ಯಾವುದೋ ಡಿಎಲ್‌ಎಲ್ (ಪ್ರೋಗ್ರಾಮಿಗೆ ಬೇಕಾದ ಸಹಾಯಕ ಕಡತ) ಸಿಗಲಿಲ್ಲ, ಉದಾಹರಣೆಗೆ ಎಂಎಫ್‌ಸಿ42 ಇಲ್ಲ ಎಂದಿದ್ದರೆ ವೈನ್‌ಟ್ರಿಕ್ಸ್ ಎಂಬ ಸಹಾಯಕ ಸಾಧನದಿಂದ ಅದೊಂದನ್ನೇ ಹಾಕಿ ಮತ್ತೆ ಓಡಿಸಿ. ಇರಲಿ ಎಂದು ಪಟ್ಟಿಯಲ್ಲಿರುವುದನ್ನೆಲ್ಲ ಹಾಕಿದರೆ ಒಂದರ ಮೇಲೊಂದು ಕೂತು ಹೊಸ ದೋಷ ಹುಟ್ಟುತ್ತದೆ. ಉಬುಂಟುವಿನಲ್ಲಿ ವೈನ್32 ಇಲ್ಲ ಎಂಬ ಸಂದೇಶ ಬಂದರೆ, ಹಳೆಯ 32 ಬಿಟ್ ಪ್ರೋಗ್ರಾಮಿಗೆ ಬೇಕಾದ ಭಾಗ ಬಂದಿಲ್ಲ ಎಂದರ್ಥ. ಐ386 ಭಂಡಾರ ಸೇರಿಸಿ ಅದನ್ನು ಹಾಕಿಕೊಳ್ಳಿ. ಮೊದಲ ಸಲ ವೈನ್ ತೆರೆದಾಗ ಮೋನೊ (ಮೈಕ್ರೋಸಾಫ್ಟಿನ ಡಾಟ್‌ನೆಟ್‌ಗೆ ಬದಲಿ) ಹಾಕಲೇ ಎಂದು ಕೇಳುತ್ತದೆ. ನೆಟ್ ಇಲ್ಲದೆ ಅದನ್ನು ರದ್ದು ಮಾಡಿದ್ದರೆ ಡಾಟ್‌ನೆಟ್ ಬೇಡುವ ಪ್ರೋಗ್ರಾಮು ಆಮೇಲೆ ಏಳುವುದಿಲ್ಲ.

ಪ್ರತಿ ಪ್ರೋಗ್ರಾಮಿಗೂ ವೈನಿನ ಬೇರೆ ಬೇರೆ ಪ್ರಿಫಿಕ್ಸ್, ಅಂದರೆ ಬೇರೆ ಬೇರೆ ಸುಳ್ಳು ಸಿ ಡ್ರೈವ್ ಇಡಿ. ಒಂದು ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಬಹುದು, ಉಳಿದದ್ದು ಸುರಕ್ಷಿತ. ಬಾಟಲ್ಸ್ ಎಂಬ ಪ್ರೋಗ್ರಾಮು ಈ ಕೆಲಸವನ್ನು ಸುಲಭ ಮಾಡುತ್ತದೆ. ಸುಡೊ ಹಾಕಿ, ಅಂದರೆ ಯಂತ್ರದ ಪೂರ್ಣ ಅಧಿಕಾರ ಕೊಟ್ಟು, ವೈನ್ ಓಡಿಸಬೇಡಿ. ಆಮೇಲೆ ನಿಮ್ಮದೇ ಫೋಲ್ಡರಿನಲ್ಲಿ ನಿಮಗೇ ಬರೆಯಲು ಅನುಮತಿ ಇರುವುದಿಲ್ಲ.

"ನಿನ್ನೆ ಸೇವ್ ಮಾಡಿದ್ದು ಇವತ್ತು ಇಲ್ಲ" ಎಂಬ ಕರೆಯೂ ಬರುತ್ತದೆ. ಸಿ ಡ್ರೈವಿನಲ್ಲಿ ಉಳಿಸಿದ್ದೀರಿ, ಅದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಡಾಟ್-ವೈನ್ ಫೋಲ್ಡರಿನೊಳಗೆ ಇದೆ. ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಕಾಣುತ್ತದೆ.

ಮೆನು ತೇಲಾಡುವುದು, ಕಿಟಕಿ ಪರದೆಯಿಂದ ಹೊರಗೆ ಹೋಗುವುದು ಆದರೆ ವೈನ್ ಸೆಟ್ಟಿಂಗಿನ ಗ್ರಾಫಿಕ್ಸ್‌ನಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಆನ್ ಮಾಡಿ. ವಿಂಡೋಸ್ ಆವೃತ್ತಿ ಸರಿಯಿಲ್ಲ ಎಂದು ಪ್ರೋಗ್ರಾಮು ಹಟ ಹಿಡಿದರೆ ಅದೇ ಸೆಟ್ಟಿಂಗಿನಲ್ಲಿ ಎಕ್ಸ್‌ಪಿ ಅಥವಾ 7 ಎಂದು ಬದಲಿಸಿ. ದೋಷದ ಸಂದೇಶ ಬಂದ ಮಾತ್ರಕ್ಕೆ ದೋಷ ಇರಲೇಬೇಕೆಂದಿಲ್ಲ. ವಿಂಡೋಸ್ 3.1ರ ಪರೀಕ್ಷಾ ಆವೃತ್ತಿಯೊಂದರಲ್ಲಿ, ಕೆಳಗಿರುವುದು ಮೈಕ್ರೋಸಾಫ್ಟಿನ ಡಾಸ್ ಅಲ್ಲ, ಎದುರಾಳಿಯ ಡಿಆರ್-ಡಾಸ್ ಎಂದು ಗೊತ್ತಾದರೆ ಸುಮ್ಮಸುಮ್ಮನೆ ದೋಷದ ಸಂದೇಶ ತೋರಿಸುವ ಗುಪ್ತ ಕೋಡ್ ಇತ್ತು. ಅಂತಿಮ ಆವೃತ್ತಿಯಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದ್ದರು. ಆದರೂ 1996ರಲ್ಲಿ ಡಿಆರ್-ಡಾಸಿನ ಒಡೆತನ ಪಡೆದಿದ್ದ ಕಾಲ್ಡೆರಾ ಕಂಪನಿ ಹೂಡಿದ ದಾವೆಯಲ್ಲಿ ಆ ವಿಷಯ ಎದ್ದಿತು, 2000ದಲ್ಲಿ ರಾಜಿಯಾಯಿತು.

ಹಳೆಯ ಸಿಡಿಯಲ್ಲಿರುವ 16 ಬಿಟ್ ಪ್ರೋಗ್ರಾಮು 64 ಬಿಟ್ ವಿಂಡೋಸಿನಲ್ಲಿ ಏಳುವುದೇ ಇಲ್ಲ, ವೈನಿನಲ್ಲಿ ಕೆಲವು ಎದ್ದು ಕೂರುತ್ತವೆ. ಅಂಥ ಸಿಡಿಗಳನ್ನು ಎಸೆಯುವ ಮೊದಲು ಒಮ್ಮೆ ಹಾಕಿ ನೋಡಿ.

ಕೆಲಸ ಮಾಡದ ಪಟ್ಟಿಯೂ ಗೊತ್ತಿರಲಿ. ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿಯಂಥ ಸಾಧನ) ಕೇಳುವ ಪ್ರೋಗ್ರಾಮುಗಳು, ವಿಂಡೋಸಿನ ಆಳಕ್ಕೆ ಇಳಿಯುವ ಚಾಲಕ ಬೇಡುವವು, ಇವುಗಳಿಗೆ ವೈನ್ ಸಾಕಾಗುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ನಿಗೂ ವೈನ್ ದಾರಿಯಲ್ಲ. ಟೋಕನ್ ತಯಾರಕರೇ ಲಿನಕ್ಸ್ ಚಾಲಕ ಕೊಟ್ಟಿದ್ದಾರೆಯೇ ನೋಡಿ. ಆಫೀಸ್ 2010 ವೈನಿನಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ, ಇತ್ತೀಚಿನದಕ್ಕೆ ಸಮಯ ಹಾಳು ಮಾಡಬೇಡಿ.

ಡಾಂಗಲ್ ಇರುವ ಲೆಕ್ಕದ ತಂತ್ರಾಂಶಕ್ಕೆ ವರ್ಚುವಲ್ ಯಂತ್ರದೊಳಗೆ (ಲಿನಕ್ಸಿನೊಳಗೇ ಓಡುವ ಸುಳ್ಳು ಕಂಪ್ಯೂಟರ್) ಲೈಸೆನ್ಸ್ ಇರುವ ವಿಂಡೋಸ್ ಹಾಕುವುದೇ ಸರಿ. 8 ಜಿಬಿ ರ‍್ಯಾಮ್ ಇಲ್ಲದಿದ್ದರೆ ಅದರ ಸಹವಾಸ ಬೇಡ. ವರ್ಚುವಲ್‌ಬಾಕ್ಸಿನಲ್ಲಿ ಯುಎಸ್‌ಬಿ ಪಟ್ಟಿ ಖಾಲಿ ಕಂಡರೆ ನಿಮ್ಮ ಬಳಕೆದಾರ ಹೆಸರು ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿ ಇಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಯಂತ್ರವೇ ಶುರುವಾಗದಿದ್ದರೆ ಬಯೋಸಿನಲ್ಲಿ ವರ್ಚುವಲೈಸೇಷನ್ ಆಫ್ ಇರುತ್ತದೆ.

ಎರಡೂ ಒಂದೇ ಯಂತ್ರದಲ್ಲಿ ಇದ್ದರೆ

ವಿಂಡೋಸನ್ನೂ ಉಳಿಸಿಕೊಂಡವರಿಗೆ ಎರಡು ದೋಷ ತಪ್ಪಿದ್ದಲ್ಲ.

ಲಿನಕ್ಸಿನಿಂದ ಡಿ ಡ್ರೈವ್ ತೆರೆದುಕೊಳ್ಳುತ್ತದೆ, ಆದರೆ ಉಳಿಸಲು ಬಿಡುವುದಿಲ್ಲ. ಅಥವಾ ತೆರೆದುಕೊಳ್ಳುವುದೇ ಇಲ್ಲ. ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದರೂ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದಾಗಿ ಅದು ಪೂರ್ತಿ ಮಲಗಿರುವುದಿಲ್ಲ, ಡಿಸ್ಕಿನ ಮೇಲೆ ಕೈ ಇಟ್ಟುಕೊಂಡೇ ಇರುತ್ತದೆ. ಲಿನಕ್ಸ್ ಅದನ್ನು ನೋಡಿ ಬರೆಯುವುದಿಲ್ಲ, ಸರಿಯಾಗಿಯೇ ಮಾಡುತ್ತದೆ. ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ರೂಪ ಉಂಟು. ಜೂನಿನ ಗಾಳಿಗೆ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಸತ್ತಿದ್ದು, ಯಂತ್ರ ದಪ್ಪೆಂದು ಆರಿದರೆ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ‘ಕೊಳೆ’ ಗುರುತು ಬೀಳುತ್ತದೆ. ಆಗ ವಿಂಡೋಸಿಗೆ ಹೋಗಿ ಡಿಸ್ಕ್ ಪರೀಕ್ಷೆ ಮಾಡಿಸಿಯೇ ಬರಬೇಕು. ಬಲವಂತವಾಗಿ ತೆರೆಯುವ ಉಪಾಯಗಳು ಇವೆ, ಗಿರಾಕಿಯ ಕೆಲಸ ಇರುವ ಡಿಸ್ಕಿನಲ್ಲಿ ನಾನಂತೂ ಹೇಳುವುದಿಲ್ಲ.

ಎರಡನೆಯದು ಗಡಿಯಾರ. ಲಿನಕ್ಸ್ ಬಳಸಿ ವಿಂಡೋಸಿಗೆ ಹೋದರೆ ಉಡುಪಿಯಲ್ಲಿ ಮಧ್ಯಾಹ್ನ 12 ಗಂಟೆ, ಪರದೆಯಲ್ಲಿ ಬೆಳಿಗ್ಗೆ 6:30. ಯಂತ್ರದ ಒಳಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಮದರ್‌ಬೋರ್ಡಿನ ಬ್ಯಾಟರಿ ಬದಲಿಸಲು ಹೋಗಬೇಡಿ. ಬ್ಯಾಟರಿ ಸತ್ತರೆ ಸಮಯ ಹೀಗೆ ಲೆಕ್ಕ ಹಾಕಿ ತಪ್ಪುವುದಿಲ್ಲ. ಲಿನಕ್ಸಿನ ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಸ್ಥಳೀಯ ಸಮಯ ಎಂದು ಆರಿಸಿದರೆ ಇಬ್ಬರೂ ಒಪ್ಪುತ್ತಾರೆ. ಸಮಯ ದೊಡ್ಡದಾಗಿ ತಪ್ಪಿದರೆ ಬ್ಯಾಂಕು, ಜಿಎಸ್‌ಟಿಯಂಥ ಜಾಲತಾಣಗಳಲ್ಲಿ ಪ್ರಮಾಣಪತ್ರದ ಎಚ್ಚರಿಕೆ ಬರುತ್ತದೆ. ಆಗಲೂ ಮೊದಲು ಗಡಿಯಾರ ನೋಡಿ.

ಶೇರಿಂಗ್ ಮತ್ತು ಪ್ರಿಂಟರ್

ಮೂಲೆಯ ಎಕ್ಸ್‌ಪಿ ಯಂತ್ರದ ಶೇರ್ ಫೋಲ್ಡರ್ ಹೊಸ ಲಿನಕ್ಸಿಗೆ ಕಾಣದಿದ್ದರೆ ಕೇಬಲ್ ಅಲುಗಾಡಿಸಬೇಡಿ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಶೇರಿಂಗ್ ಭಾಷೆ ಮಾತ್ರ. ಲಿನಕ್ಸಿನಲ್ಲಿ ಶೇರಿಂಗ್ ನೋಡಿಕೊಳ್ಳುವ ಸಾಂಬಾ 2019ರ 4.11 ಆವೃತ್ತಿಯಿಂದ ಅದನ್ನು ಡೀಫಾಲ್ಟಾಗಿ ಮುಚ್ಚಿಟ್ಟಿದೆ, ವಿಂಡೋಸ್ 10 ಕೂಡ 2017ರಿಂದ ಹಾಗೇ. ಭದ್ರತೆಯ ದೃಷ್ಟಿಯಿಂದ ಅದು ಮುಚ್ಚಿಯೇ ಇರಲಿ, ಶೇರ್ ಅನ್ನು ಲಿನಕ್ಸ್ ಯಂತ್ರಕ್ಕೆ ಬದಲಿಸಿ. ಹೊಸ ವಿಂಡೋಸಿನಿಂದ ಲಿನಕ್ಸಿನ ಶೇರಿಗೆ ಹೋಗುವಾಗ ಪಾಸ್‌ವರ್ಡ್ ಒಪ್ಪದಿದ್ದರೆ, ಸಾಂಬಾಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಕೊಟ್ಟಿಲ್ಲ ಎಂದರ್ಥ. ಲಾಗಿನ್ ಪಾಸ್‌ವರ್ಡ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ಪ್ರಿಂಟರಿನ ವಿಷಯದಲ್ಲಿ ವೈನ್ ವಿಂಡೋಸಿನ ಚಾಲಕ ಬಳಸುವುದಿಲ್ಲ, ಲಿನಕ್ಸಿನ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಗೇ ಕೊಡುತ್ತದೆ. ಹಾಗಾಗಿ ವೈನಿನಿಂದ ಅಚ್ಚಾಗದಿದ್ದರೆ ಮೊದಲು ಲಿನಕ್ಸಿನ ಟೆಸ್ಟ್ ಪೇಜ್ ತೆಗೆಯಿರಿ. ಅದೇ ಬರುವುದಿಲ್ಲವೆಂದರೆ ವೈನ್ ಪಾಪದ್ದು. ಎಚ್‌ಪಿ ಲೇಸರ್‌ಜೆಟ್ 1020ರಂಥ ಪ್ರಿಂಟರಿಗೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಕಡೆಯಿಂದ ಫರ್ಮ್‌ವೇರ್ ಹೋಗಬೇಕು. ಎಚ್‌ಪಿಯ ಲಿನಕ್ಸ್ ಚಾಲಕ ಎಚ್‌ಪಿಲಿಪ್ ಜೊತೆ ಅದರ ಪ್ಲಗಿನ್ ಕೂಡ ಹಾಕಿರದಿದ್ದರೆ ಕೆಲಸ ಸಾಲಿನಲ್ಲೇ ನಿಂತಿರುತ್ತದೆ. ಕರೆಂಟು ಹೋಗಿ ಬಂದ ಮೇಲೆ ಮಾತ್ರ ಹೀಗಾಗುತ್ತಿದ್ದರೆ, ಯುಎಸ್‌ಬಿ ಕಿತ್ತು ಮತ್ತೆ ಹಾಕಿ ನೋಡಿ. ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಅದಕ್ಕೆ ಲಿನಕ್ಸ್ ಚಾಲಕ ಇದೆ, ಕೂರಿಸುವುದು ರಗಳೆ. ಲಿನಕ್ಸಿಗೆ ಬರುವ ಮೊದಲೇ ಪ್ರಿಂಟರಿನ ಮಾದರಿ ನೋಡಿಕೊಳ್ಳಬೇಕಾದ್ದು ಇಂಥವುಗಳಿಂದಾಗಿಯೇ.

ಇಷ್ಟರ ಮೇಲೂ ಸರಿಯಾಗದೆ ಯಾರಿಗಾದರೂ ಫೋನು ಮಾಡುವುದಾದರೆ ಪರದೆಯ ಫೋಟೋ ಒಂದು, ಫಾಂಟ್ ಪೆಟ್ಟಿಗೆಯಲ್ಲಿ ಬರೆದಿರುವ ಹೆಸರು, ವೈನ್ ಆದರೆ ಆ ಮೊದಲ ಎರರ್ ಸಾಲು, ಇಷ್ಟನ್ನು ಕೈಯಲ್ಲಿ ಇಟ್ಟುಕೊಂಡು ಮಾಡಿ. ಮೂಲ ಕಡತದ ಒಂದು ಪ್ರತಿ ಮುಟ್ಟದೆ ಬೇರೆ ಕಡೆ ಇರಲಿ.